ಮೂರನೇ ಕೋಟು

ಬಣ್ಣದ ಗುತ್ತಿಗೆದಾರ ಬಾಪುಸಾಹೇಬನ ಕೈಕೆಳಗೆ ನಾಲ್ಕು ಜಾತಿಯ ಪೇಂಟರುಗಳಿದ್ದರು.

ಟ್ಯಾಂಕಿನ ಒಳಗೆ ಇಳಿಯುವವನಿಗೆ ದಿನಕ್ಕೆ ಒಂಬೈನೂರು. ಜೀವದ ಬೆಲೆಯೂ ಅದರಲ್ಲೇ ಬಂತು. ಮನೆಯ ಗೋಡೆಗೆ ಬಣ್ಣ ಹೊಡೆಯುವವನಿಗೆ ಏಳುನೂರು. ಬೋರ್ಡಿನ ಮೇಲೆ ಅಕ್ಷರ ಬರೆಯುವವನಿಗೆ ಒಂದು ಕಾಲಕ್ಕೆ ಎಲ್ಲರಿಗಿಂತ ಹೆಚ್ಚು ಮಾನವಿತ್ತು, ಹೆಚ್ಚು ಪಗಾರವಿತ್ತು. ಫ್ಲೆಕ್ಸ್ ಬಂತು. ಅವನೂ ಗೋಡೆಯವನಾದ. ಕೊನೆಗೆ ಹೆಣ್ಣಾಳು. ಹೆಣ್ಣಾಳಿಗೆ ಮುನ್ನೂರ ಐವತ್ತು. ಹಳೆಯ ಬಣ್ಣ ಕೆರೆಯಬೇಕು, ಪಾಲಿಶ್ ಕಾಗದದಿಂದ ಗೋಡೆ ತಿಕ್ಕಬೇಕು, ಬಕೀಟು ಹೊರಬೇಕು, ಸಂಜೆ ಗಂಡಸರ ಬ್ರಶ್ಶು ತೊಳೆದಿಡಬೇಕು. ಹೆಣ್ಣಾಳು ಬ್ರಶ್ಶು ಹಿಡಿದು ಇಡೀ ಗೋಡೆ ಹೊಡೆದರೂ ಹೆಣ್ಣಾಳೇ. ಪಗಾರ ಏರುವುದಿಲ್ಲ.

ಶುಭಾಂಗಿ ಹೆಣ್ಣಾಳು.

ಅವಳ ಮನೆ ಶೇಡಬಾಳದಲ್ಲಿ, ಬುದ್ಧವಿಹಾರದ ಹಿಂದಿನ ಗಲ್ಲಿಯಲ್ಲಿ. ಎರಡು ಕೋಣೆ, ಮೇಲೆ ತಗಡು. ಮನೆಯಲ್ಲಿ ಗಂಡ ಸಮಾಧಾನ, ಅತ್ತೆ ಅಕ್ಕುತಾಯಿ. ಮಗಳನ್ನು ಚಿಕ್ಕೋಡಿಯ ಹಾಸ್ಟೆಲಿಗೆ ಹಾಕಿದ್ದರು. ಅಲ್ಲಿ ಊಟ ಸಿಗುತ್ತಿತ್ತು.

ಸಮಾಧಾನ ಮೊದಲು ಅಕ್ಷರ ಬರೆಯುತ್ತಿದ್ದ. ಕುಡಚಿಯ ಯಾಕೂಬರು ಅವನಿಗೆ ಕಲಿಸಿದವರು. ಆ ಭಾಗದ ಅಂಗಡಿಗಳ ಬೋರ್ಡು, ಟ್ರ್ಯಾಲಿಯ ಹಿಂದಿನ ಹೆಸರು, ಸೊಸೈಟಿಯ ಗೋಡೆ, ಕನ್ನಡ, ಮರಾಠಿ, ಉರ್ದು ಮೂರೂ ಯಾಕೂಬರ ಕೈಯವು. ಮದುವೆಯಾದ ಹೊಸದರಲ್ಲಿ ಸಮಾಧಾನ ಬೋರ್ಡುಗಳನ್ನು ಮನೆಗೇ ತರುತ್ತಿದ್ದ. ಅವನು ಗೆರೆ ಎಳೆದು ಕೊಡುತ್ತಿದ್ದ, ಶುಭಾಂಗಿ ಒಳಗೆ ಬಣ್ಣ ತುಂಬುತ್ತಿದ್ದಳು. ಮೂರನೆಯ ತಿಂಗಳಿಗೆ ಗೆರೆಯನ್ನೂ ಎಳೆದಳು. ನೋಡಿದವರಿಗೆ ಯಾವುದು ಅವನದು, ಯಾವುದು ಅವಳದು ಗೊತ್ತಾಗುತ್ತಿರಲಿಲ್ಲ. ಆ ಕೆಲಸಕ್ಕೆ ಅವಳಿಗೆ ಯಾರೂ ಏನೂ ಕೊಡಲಿಲ್ಲ. ಹೆಂಡತಿಗೆ ಯಾರು ಪಗಾರ ಕೊಡುತ್ತಾರೆ?

ಬೋರ್ಡಿನ ಕೆಲಸ ಸತ್ತ ಮೇಲೆ ಸಮಾಧಾನ ಬಾಪುಸಾಹೇಬನ ಗೋಡೆ ಕೆಲಸಕ್ಕೆ ಸೇರಿದ. ಆಮೇಲೆ ಒಂಬೈನೂರರ ಆಸೆಗೆ ಟ್ಯಾಂಕಿಗೆ ಇಳಿದ.

ನದಿಯ ಕಡೆ ಒಂದು ಸಕ್ಕರೆ ಕಾರ್ಖಾನೆ. ಕಬ್ಬು ಅರೆಯುವುದು ನಿಂತ ಮೇಲೆ ಬೇಸಿಗೆಯಲ್ಲಿ ಅಲ್ಲಿ ಬಣ್ಣದ ಕೆಲಸ ಶುರುವಾಗುತ್ತದೆ. ಕಾಕಂಬಿ ತುಂಬುವ ಕಬ್ಬಿಣದ ಟ್ಯಾಂಕನ್ನು ಖಾಲಿ ಮಾಡಿ, ಒಳಗೆ ಮನುಷ್ಯರನ್ನು ಇಳಿಸುತ್ತಾರೆ. ಹೊರಗೆ ಏಪ್ರಿಲ್ ಬಿಸಿಲು. ಒಳಗೆ ಗಾಳಿಯಿಲ್ಲ. ಮೇಲ್ಗಡೆ ಒಬ್ಬ ಮನುಷ್ಯ ನುಸುಳುವಷ್ಟು ತೂತು, ಒಂದು ಬಲ್ಬು, ಡಬ್ಬಿಗಟ್ಟಲೆ ಥಿನ್ನರ್. ಮುಖಕ್ಕೆ ಕಟ್ಟಿಕೊಳ್ಳಲು ಮಾಸ್ಕ್ ಕೊಡಲಿಲ್ಲ. ಸಮಾಧಾನ ಟವೆಲ್ ಒದ್ದೆ ಮಾಡಿ ಬಾಯಿಗೆ ಕಟ್ಟಿಕೊಳ್ಳುತ್ತಿದ್ದ. ಸಂಜೆ ಹೊರಗೆ ಬಂದಾಗ ಕಾಲು ಕಿತ್ತಿಡಲು ಬರುತ್ತಿರಲಿಲ್ಲ. ಬಸ್ಸಿನಲ್ಲಿ ಜನ ಕುಡುಕನೆಂದು ದೂರ ಸರಿಯುತ್ತಿದ್ದರು. ಅವನು ಬೀಡಿಯನ್ನೂ ಸೇದದ ಮನುಷ್ಯ.

ಮೂರನೆಯ ಬೇಸಿಗೆಯಲ್ಲಿ ಒಳಗೇ ಬಿದ್ದ. ಸೊಂಟಕ್ಕೆ ಹಗ್ಗ ಹಾಕಿ ಎಳೆದರು. ತೂತಿನ ಅಂಚಿಗೆ ಸಿಕ್ಕು ಬೆನ್ನಿನ ಚರ್ಮ ಕಿತ್ತು ಬಂತು. ಮಿರಜದ ದವಾಖಾನೆಯಲ್ಲಿ ಡಾಕ್ಟರು, "ಥಿನ್ನರ್ ತಲಿಗೆ ಏರೈತಿ. ಜೀವಾ ಉಳದೈತಿ. ಇದರ ಮ್ಯಾಲೆ ಆಶಾ ಇಟಗೋಬ್ಯಾಡ್ರಿ" ಅಂದರು.

ಅಂದಿನಿಂದ ಅವನ ಎರಡೂ ಕೈ ನಡುಗುತ್ತವೆ. ಚಹಾದ ಬಸಿ ತುಟಿಗೆ ಮುಟ್ಟುವಷ್ಟರಲ್ಲಿ ಅರ್ಧ ಅಂಗಿಯ ಮೇಲೆ. ಮಗಳ ಹೆಸರು ಕೆಲವು ದಿನ ನೆನಪಿಗೆ ಬರುವುದಿಲ್ಲ. ಗುಂಡಿ ಹಾಕಲು ತಾಯಿ ಬರಬೇಕು.

ಕಾರ್ಖಾನೆಯವರು, ಇವನು ನಮ್ಮ ಆಳಲ್ಲ, ಗುತ್ತಿಗೆದಾರನ ಆಳು ಎಂದರು. ಬಾಪುಸಾಹೇಬ ಕಾರ್ಖಾನೆಯ ಅಧಿಕಾರಿಗಳ ಎದುರಿಗೆ, "ಅಂವಾ ನನ್ನ ಕಡೆ ಗ್ವಾಡಿ ಕೆಲಸಕ್ಕ ಇದ್ದಾರಿ. ಟ್ಯಾಂಕಿನಾಗ ನಾ ಇಳಿಸಿಲ್ಲ. ತಾನಽ ಕುಡುದ ಹೋಗಿ ಬಿದ್ದಾನ" ಎಂದ. ಶುಭಾಂಗಿ ದಾವೆ ಹಾಕಿದಳು. ತಾರೀಖಿನ ಮೇಲೆ ತಾರೀಖು ಬಿತ್ತು. ಇವನು ಆ ಕಾರ್ಖಾನೆಯಲ್ಲಿ ಕೆಲಸ ಮಾಡಿದ್ದಕ್ಕೆ ಸಾಕ್ಷಿ ತಾ ಎಂದರು. ಜತೆಗೆ ಇಳಿದವರು ಯಾರೂ ಬರಲಿಲ್ಲ. ಅವರಿಗೂ ಮುಂದಿನ ಬೇಸಿಗೆ ಇತ್ತು.

ಮನೆಯಲ್ಲಿ ಹಿಟ್ಟು ಮುಗಿಯಿತು. ಶುಭಾಂಗಿ ಅದೇ ಬಾಪುಸಾಹೇಬನ ಮುಂದೆ ಹೋಗಿ ನಿಂತಳು. ಗಂಡನನ್ನು ಕುಡುಕ ಎಂದವನ ಮುಂದೆ. ಅವನು ನಕ್ಕ.

"ದಾವಾನೂ ಹಾಕ್ತೀ, ಕೆಲಸಾನೂ ಬೇಡ್ತೀ. ಭಾರೀ ಅದಿ ನೀ. ಬಾ, ನಾಳಿಂದ ಬಾ. ಹೆಣ್ಣಾಳಿನ ಪಗಾರ."

ಅವಳು ಹೋದಳು. ಮೂರು ವರ್ಷ ಅಥಣಿಯಿಂದ ಕಾಗವಾಡದವರೆಗೆ ಮಂದಿಯ ಗೋಡೆ ಕೆರೆದಳು. ಕೆರೆದ ಸುಣ್ಣ ಕಣ್ಣಿಗೆ, ಮೂಗಿಗೆ, ಎದೆಯೊಳಕ್ಕೆ ಹೋಯಿತು. ಬೆರಳ ತುದಿಯ ಗೆರೆಗಳು ಅಳಿಸಿಹೋಗಿ ರೇಷನ್ ಅಂಗಡಿಯ ಯಂತ್ರ ಅವಳ ಹೆಬ್ಬೆಟ್ಟನ್ನು ಹಿಡಿಯುವುದನ್ನೇ ಬಿಟ್ಟಿತು. ಕೆಲವು ಮನೆಗಳಲ್ಲಿ ಅಂಗಳದ ಗೋಡೆಗೆ ಅವಳು, ಅಡುಗೆಮನೆಗೆ ಬೇರೆಯವರು. ಕೇಳುವ ಹಾಗಿರಲಿಲ್ಲ. ನೀರು ಕೇಳಿದರೆ ಬಾಟಲಿಯಿಂದ ಮೇಲಿನಿಂದ ಸುರಿಯುತ್ತಿದ್ದರು.

ಐದನೆಯ ಜಾತಿಯ ಪೇಂಟರ್ ಪುಣೆಯಿಂದ ಬಂದ.

ಕಾರ್ಖಾನೆಗೆ ಇಪ್ಪತ್ತೈದು ವರ್ಷ ತುಂಬಿತ್ತು. ರಸ್ತೆಯ ಕಡೆಯ ಉದ್ದನೆಯ ಕಂಪೌಂಡ್ ಗೋಡೆಯ ಮೇಲೆ ಚಿತ್ರ ಬರೆಸಬೇಕೆಂದು ಚೇರಮನ್ನರಿಗೆ ಅನಿಸಿತು. ಚಿತ್ರದ ಹೆಸರು 'ಶ್ರಮ'. ಬರೆಯುವವನು ಕುನಾಲ. ವಯಸ್ಸು ಮೂವತ್ತರ ಒಳಗೆ, ಹತ್ತಿಯ ಜುಬ್ಬಾ, ಕಾಲಲ್ಲಿ ಕೊಲ್ಹಾಪುರಿ ಚಪ್ಪಲಿ. ಅವನಿಗೆ ನಾಲ್ಕು ಲಕ್ಷ. ಇರಲು ಗೆಸ್ಟ್ ಹೌಸು, ತಿರುಗಲು ಗಾಡಿ. ಅವನನ್ನು ಯಾರೂ ಪೇಂಟರ್ ಅನ್ನುತ್ತಿರಲಿಲ್ಲ. ಆರ್ಟಿಸ್ಟ್ ಅನ್ನುತ್ತಿದ್ದರು.

ಗೋಡೆ ತಯಾರು ಮಾಡುವ ಕೆಲಸ ಬಾಪುಸಾಹೇಬನಿಗೆ ಬಂತು. ಅವನು ಯಾಕೂಬರನ್ನೂ ಶುಭಾಂಗಿಯನ್ನೂ ಕಳಿಸಿದ. ಯಾಕೂಬರಿಗೆ ಆಗ ಅರವತ್ತು ದಾಟಿತ್ತು. ಹೆಂಡತಿ ಶಹಜಾದಬಿಗೆ ಸಕ್ಕರೆ ಕಾಯಿಲೆ, ಒಂದು ಕಾಲಿನ ಬೆರಳು ಹೋಗಿತ್ತು, ದಿನಾ ಇಂಜೆಕ್ಷನ್. ಕೆಲಸ ಬಿಡುವ ಹಾಗಿರಲಿಲ್ಲ.

ಕುನಾಲ ಚಿತ್ರವನ್ನು ಕಂಪ್ಯೂಟರಿನಲ್ಲಿ ಮಾಡಿ ತಂದಿದ್ದ. ಯಾಕೂಬರು ನೂಲು ಹಿಡಿದು ಗೋಡೆಯ ಮೇಲೆಲ್ಲ ಚೌಕ ಹೊಡೆದು, ಚೌಕದ ಲೆಕ್ಕದಲ್ಲಿ ಚಿತ್ರವನ್ನು ದೊಡ್ಡದು ಮಾಡಿದರು. ಶುಭಾಂಗಿ ಬಣ್ಣ ತುಂಬಿದಳು. ಮೊದಲ ವಾರ ಕುನಾಲ, ಹತ್ತಿ ನಿಲ್ಲಲು ಕಟ್ಟಿದ ಬಿದಿರಿನ ಪರಾಂಚಿಯ ಕೆಳಗೆ ಖುರ್ಚಿ ಹಾಕಿಕೊಂಡು ಕೂತು ಹೇಳುತ್ತಿದ್ದ. ಶುಭಾಂಗಿಯ ಕೈ ನೋಡಿ ಎದ್ದು ನಿಂತ.

"ತಾಈ, ಹೇ ಕುಠೇ ಶಿಕಲಾತ್?" ಎಲ್ಲಿ ಕಲಿತಿರಿ ಎಂದು ಮರಾಠಿಯಲ್ಲಿ ಕೇಳಿದ.

"ಮನ್ಯಾಗ," ಅಂದಳು.

ಆಮೇಲೆ ಅವನು ಸುಮ್ಮನೆ ಬಿಟ್ಟ. ಅವಳು ಕಬ್ಬು ಕಡಿಯುವವರ ಕೈಗಳನ್ನು ಬರೆದಳು, ಗಾಡಿ ಹೊಡೆಯುವವನ ಕತ್ತಿನ ನರ ಬರೆದಳು. ಬಿಸಿಲಿಗೆ ಪರಾಂಚಿಯ ಬಿದಿರು ಅಂಗಾಲು ಸುಡುತ್ತಿತ್ತು. ಇಳಿದು ಮೂತ್ರಕ್ಕೆ ಹೋಗಲು ಜಾಗವಿರಲಿಲ್ಲ. ಗೇಟಿನ ಒಳಗಿನ ಪಾಯಖಾನೆ ಕಾರ್ಖಾನೆಯ ಜನಕ್ಕೆ. ಅವಳು ಬೆಳಗಿನಿಂದ ಸಂಜೆಯವರೆಗೆ ನೀರೇ ಕುಡಿಯುತ್ತಿರಲಿಲ್ಲ.

ಒಂದು ದಿನ ಧೈರ್ಯ ಮಾಡಿ ಬಾಪುಸಾಹೇಬನಿಗೆ ಕೇಳಿದಳು.

"ಮಾಲಕರ, ನಾ ಈಗ ಗ್ವಾಡಿ ತಿಕ್ಕಾಕತ್ತಿಲ್ಲ. ಚಿತ್ರಾ ತಗ್ಯಾಕತ್ತೀನಿ. ಪೇಂಟರ್ ಪಗಾರರ ಕೊಡ್ರಿ."

"ಹೆಂಗಸರಿಗೆಲ್ಲೈತಿ ಪೇಂಟರ್ ಪಗಾರ? ನಿನಗ ಕೊಟ್ರ ನಾಳೆ ಎಲ್ಲಾರೂ ಕೇಳ್ತಾರ. ನೆರಳಾಗ ನಿಂತ ಚಿತ್ರಾ ತಗೀತಿ, ಮ್ಯಾಲೆ ಮಾತ ಬ್ಯಾರೆ."

ಅಲ್ಲಿ ನೆರಳಿರಲಿಲ್ಲ.

ಗೋಡೆಯ ನಡುವೆ ಒಂದು ದೊಡ್ಡ ಮುಖ ಬರಬೇಕಿತ್ತು. ಕಂಪ್ಯೂಟರಿನ ಮುಖ ಕುನಾಲನಿಗೇ ಹಿಡಿಸಲಿಲ್ಲ. ಇಲ್ಲಿಯದೇ ಮುಖ ಬೇಕು, ದುಡಿದ ಮುಖ ಬೇಕು ಎನ್ನುತ್ತಿದ್ದ. ಯಾಕೂಬರು ಯಾವುದೋ ಮಾತಿಗೆ ಸಮಾಧಾನನ ಹೆಸರು ತೆಗೆದರು, ಅವನೂ ಪೇಂಟರ್ ಎಂದರು. ಮರುದಿನ ಕುನಾಲನ ಗಾಡಿ ಶೇಡಬಾಳದ ಗಲ್ಲಿಗೆ ಬಂತು. ಅವನು ತಗಡಿನ ಕೆಳಗೆ ಚಾಪೆಯ ಮೇಲೆ ಕೂತ. ಅಕ್ಕುತಾಯಿ ಮಾಡಿದ ಚಹಾ ಕುಡಿದ. ಕುಡಿಯುವಾಗ ಮೊಬೈಲಿನಲ್ಲಿ ತನ್ನ ಫೋಟೋ ತೆಗೆದುಕೊಂಡ. ಆಮೇಲೆ ಸಮಾಧಾನನನ್ನು ಬಾಗಿಲ ಬೆಳಕಿನಲ್ಲಿ ಕೂರಿಸಿ ಹಾಳೆಯ ಮೇಲೆ ಬರೆದ.

ಸಮಾಧಾನ ಅಲುಗಾಡದೆ ಕೂರಲು ಹೆಣಗಿದ. ಕೈಗಳನ್ನು ತೊಡೆಯ ಕೆಳಗೆ ಅದುಮಿಟ್ಟುಕೊಂಡ. ಅಷ್ಟೊತ್ತು ಯಾರಾದರೂ ಅವನ ಮುಖವನ್ನು ನೋಡಿ ಎಷ್ಟು ವರ್ಷವಾಗಿತ್ತೋ.

ಗೋಡೆಯ ಮೇಲೆ ಆ ಮುಖವನ್ನು ಬರೆದವಳು ಶುಭಾಂಗಿ. ಕುನಾಲ ಆಗ ಪುಣೆಗೆ ಹೋಗಿದ್ದ, ಅಲ್ಲಿ ಅವನದು ಬೇರೊಂದು ಗೋಡೆ ನಡೆದಿತ್ತು. ಅವನ ಹಾಳೆಯಲ್ಲಿ ಇಲ್ಲದ್ದನ್ನು ಅವಳು ಹಾಕಿದಳು. ಹುಬ್ಬಿನ ಮೇಲಿನ ಸಣ್ಣ ಗಾಯ. ಮೇಲಿನ ತುಟಿಯ ಬಿರುಕು. ಬ್ರಶ್ಶು ಹಿಡಿದ ಬಲಗೈ. ಗೋಡೆಯ ಮೇಲಿನ ಕೈ ನಡುಗುತ್ತಿರಲಿಲ್ಲ.

ಯಾಕೂಬರು ಕೆಳಗೆ ನಿಂತು ನೋಡಿದರು. "ಸಮಾಧಾನ ಬಂದಾನ, ಬೇಟಿ," ಅಂದರು. ಅಷ್ಟೇ ಅಂದರು.

ಭಾನುವಾರ ಅವಳು ಗಂಡನನ್ನು ಬಸ್ಸಿನಲ್ಲಿ ಕರೆದುಕೊಂಡು ಹೋಗಿ ತೋರಿಸಿದಳು. ಅವನು ರಸ್ತೆಯ ಆಚೆ ನಿಂತು ಬಹಳ ಹೊತ್ತು ನೋಡಿದ.

"ನಂದೇನ?"

"ನಿಮ್ಮದಽ."

"ಗದ್ದದ ಕೆಳಗ ನೆರಳ ಚೊಲೋ ಹಿಡದಿ," ಅಂದ. ಬಸ್ಸಿನಲ್ಲಿ ವಾಪಸು ಬರುವಾಗ ಕಿಟಕಿಯ ಕಡೆ ತಿರುಗಿ ಕೂತ. ಅಳುತ್ತಿದ್ದನೋ ಏನೋ, ಅವಳು ನೋಡಲಿಲ್ಲ.

ಉದ್ಘಾಟನೆಗೆ ಎರಡು ದಿನವಿತ್ತು. ಕಾರ್ಖಾನೆಯ ಆಫೀಸಿನಿಂದ ಇಬ್ಬರು ಗೋಡೆ ನೋಡಲು ಬಂದರು. ಒಬ್ಬನು ವಕೀಲರ ಕೆಲಸ ನೋಡುವವನು. ನಡುವಿನ ಮುಖದ ಎದುರು ಬಂದು ನಿಂತ. ಇನ್ನೊಬ್ಬನ ಕಿವಿಯಲ್ಲಿ ಏನೋ ಅಂದ. ಫೋನು ಮಾಡಿದರು. ಅರ್ಧ ಗಂಟೆಯಲ್ಲಿ ಬಾಪುಸಾಹೇಬನ ಮೋಟಾರ್ ಸೈಕಲ್ಲು ಬಂತು.

"ಯಾರದಿದು ಮಾರಿ?"

ಬಾಪುಸಾಹೇಬ ಶುಭಾಂಗಿಯ ಕಡೆ ತಿರುಗಿದ.

"ನನಗ ಗೊತ್ತಾಗಂಗಿಲ್ಲನ? ದಾವಾ ಹಾಕೀರಿ, ಇವ ಇಲ್ಲಿ ದುಡದಾನ ಅಂತ. ಈಗ ಕಾರ್ಖಾನಿ ಗ್ವಾಡಿ ಮ್ಯಾಲೆ ಬ್ರಶ್ ಹಿಡದ ನಿಂದರಿಸೀರಿ. ನಾಳೆ ಫೋಟೋ ಹೊಡಕೊಂಡ ಕೋರ್ಟಿಗೆ ಒಯ್ದ್ರ?"

ಶುಭಾಂಗಿಗೆ ಆ ಯೋಚನೆಯೇ ಬಂದಿರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು ಎಂದು ಆಗ ಅನಿಸಿತು.

ಪುಣೆಯಿಂದ ಮರಳಿದ್ದ ಕುನಾಲ ಗಾಡಿಯಿಂದ ಇಳಿದು ಬಂದ. ಆಫೀಸಿನವರು ಅವನನ್ನು ಪಕ್ಕಕ್ಕೆ ಕರೆದು ಮಾತಾಡಿದರು. ಅವನು ಮೊದಲು ಕೈ ಬೀಸಿ ಮಾತಾಡಿದ. ಆಮೇಲೆ ಕೈ ಕೆಳಗಿಳಿಸಿದ. ಆಮೇಲೆ ಕೇಳುತ್ತ ನಿಂತ. ಅವನ ನಾಲ್ಕು ಲಕ್ಷದಲ್ಲಿ ಅರ್ಧ ಇನ್ನೂ ಬರಬೇಕಿತ್ತು. ಶುಭಾಂಗಿಯ ಹತ್ತಿರ ಬಂದಾಗ ಅವನ ಮುಖ ಕೆಂಪಾಗಿತ್ತು. ನನಗೂ ಬೇಜಾರಾಗಿದೆ, ಆದರೆ ಇಡೀ ಗೋಡೆ ಹೋಗುವುದಕ್ಕಿಂತ ಒಂದು ಮುಖ ಹೋದರೆ ನಡೆಯುತ್ತದೆ ಎಂದು ಮರಾಠಿಯಲ್ಲಿ ಹೇಳಿದ. ಅಲ್ಲಿ ನಗುತ್ತಿರುವ ಒಬ್ಬ ರೈತನನ್ನು ಬರೆಯೋಣ. ಸುತ್ತಲಿನ ಬಣ್ಣಕ್ಕೆ ಹೊಂದಿಸಲು ನಿಮ್ಮ ಕೈಯೇ ಬೇಕು. ಇವತ್ತು ಅಳಿಸಿಬಿಡಿ.

ಶುಭಾಂಗಿ ಪರಾಂಚಿಯ ಮೇಲಿದ್ದಳು. ಇಳಿದು ಬಂದಳು. ಕೈಯಲ್ಲಿದ್ದ ಬ್ರಶ್ಶನ್ನು ನೀರಿನ ಡಬ್ಬಿಯಲ್ಲಿ ಇಟ್ಟಳು.

"ನಾ ಅಳಸಂಗಿಲ್ಲ."

ಬಾಪುಸಾಹೇಬ ಮುಂದೆ ಬಂದ. "ಏ, ಹೆಣ್ಣಾಳ ಅದಿ ನೀ. ಹೇಳಿದ್ದ ಮಾಡಬೇಕ."

"ಹೆಣ್ಣಾಳಿಗೆ ತಿಕ್ಕಂದ್ರ ತಿಕ್ಕತೀನಿ. ಬಕೀಟ ಹೊರಂದ್ರ ಹೊರತೀನಿ. ಬಣ್ಣಾ ಹಚ್ಚೂದು ಪೇಂಟರ್ ಕೆಲಸ. ಹೆಂಗಸರಿಗೆ ಪೇಂಟರ್ ಪಗಾರ ಇಲ್ಲ ಅಂತ ನೀವಽ ಹೇಳೀರಿ."

ಬಾಪುಸಾಹೇಬ ಆಫೀಸಿನವರ ಕಡೆ ನೋಡಿದ. ಅವರು ಗಡಿಯಾರ ನೋಡಿಕೊಳ್ಳುತ್ತಿದ್ದರು. ಅವನು ದನಿ ಇಳಿಸಿದ.

"ಆತು. ಪೇಂಟರ್ ಪಗಾರ ಕೊಡ್ತೀನಿ. ಇವತ್ತಿಂದು ಏಳನೂರ. ಏರ ಮ್ಯಾಲೆ."

ಮೂರು ವರ್ಷದಲ್ಲಿ ಮೊದಲ ಸಲ ಅವನ ಬಾಯಲ್ಲಿ ಆ ಮಾತು ಬಂದಿತ್ತು. ಗಂಡನ ಮುಖ ಬರೆದಾಗ ಅವಳು ಹೆಣ್ಣಾಳು. ಅಳಿಸುವುದಕ್ಕೆ ಪೇಂಟರ್.

ಅವಳು ಉಗುಳಿದಳು. ಅವನ ಕಾಲ ಹತ್ತಿರ ಬಿತ್ತು. ಮೈಮೇಲೆ ಬೀಳಲಿಲ್ಲ. ಬಿದ್ದಿದ್ದರೆ ಎಂದು ಆಮೇಲೆ ಎಷ್ಟೋ ಸಲ ಅಂದುಕೊಂಡಳು.

"ಈ ಏಳನೂರ ನಿಮ್ಮ ಹೆಣದ ಮ್ಯಾಲೆ ಹಾಕ್ಕೊಳ್ರಿ. ಅವರ ತಲಿ ತಿಂದ್ರಿ. ಕೈ ತಿಂದ್ರಿ. ಕುಡುಕ ಅಂದ್ರಿ. ಈಗ ಮಾರೀನೂ ಬ್ಯಾಡನ ನಿಮಗ? ಅದನ್ನೂ ನನ್ನ ಕೈಲೆ ಅಳಸ್ತೀರಿ?"

ಬಾಪುಸಾಹೇಬ ಕೈ ಎತ್ತಿದ. ಕುನಾಲ ನಡುವೆ ಬಂದು ಹಿಡಿದ. ಬಾಪುಸಾಹೇಬ ಅವಳ ಗಲ್ಲಿಯ ಹೆಸರು, ಅವಳ ಜಾತಿಯ ಹೆಸರು ಹಿಡಿದು ಬೈದ. ಗೇಟಿನ ವಾಚಮನ್ನನವರೆಗೂ ಕೇಳಿಸಿತು. ಇನ್ನು ಈ ಮೂರು ತಾಲೂಕಿನಲ್ಲಿ ಯಾವ ಗೋಡೆ ಮುಟ್ಟುತ್ತೀ ನೋಡುತ್ತೇನೆ ಎಂದ. ನಂತರ ಯಾಕೂಬರ ಕಡೆ ತಿರುಗಿದ.

"ಉಸ್ತಾದ, ನೀವ ಏರ್ರಿ."

ಯಾಕೂಬರು ಏರಲಿಲ್ಲ. ನಿಂತೇ ಇದ್ದರು.

"ಶಹಜಾದಬಿ ಚಾಚಿ ಹೆಂಗದಾರ?" ಎಂದು ಬಾಪುಸಾಹೇಬ ಕೇಳಿದ. ಮೆಲ್ಲಗೆ ಕೇಳಿದ.

ಯಾಕೂಬರು ಶುಭಾಂಗಿಯನ್ನು ನೋಡಿದರು. ಅವಳು ಬೇಡ ಎನ್ನಲಿಲ್ಲ, ಹೂಂ ಎನ್ನಲಿಲ್ಲ. ಅವರು ಬಿಳಿ ಪ್ರೈಮರಿನ ಡಬ್ಬಿ ತೆಗೆದುಕೊಂಡು ಬಿದಿರು ಹತ್ತಿದರು. ಅವಳು ಊಟದ ಡಬ್ಬಿ ಎತ್ತಿಕೊಂಡು ರಸ್ತೆಗೆ ಬಂದಳು. ತಿರುಗಿ ನೋಡಲಿಲ್ಲ. ರೋಲರ್ ಗೋಡೆಯ ಮೇಲೆ ಉರುಳುವ ಸದ್ದು ಕೇಳಿಸಿತು.

ಮನೆಗೆ ಬಂದು ಎಲ್ಲ ಹೇಳಿದಳು. ಅಕ್ಕುತಾಯಿ ಹಣೆ ಚಚ್ಚಿಕೊಂಡಳು.

"ಬಳದ ಬರೂದಿತ್ತಲ್ಲ ನಮ್ಮವ್ವಾ! ಗ್ವಾಡಿ ಮ್ಯಾಲಿನ ಮಾರಿ ಹೋದ್ರ ಮೈಮ್ಯಾಲಿನ ಮಾರಿ ಹೋಗತೈತೇನ? ನಾಳೆ ಒಲಿ ಮ್ಯಾಲೆ ಏನ ಇಡ್ತಿ?"

"ನಾಳೆ ನಿಪ್ಪಾಣಿಗೆ ಹೋಗ್ತೀನಿ. ತಂಬಾಕದ ವಖಾರಿಯಾಗ ಹೆಂಗಸರನ್ನ ತಗೋತಾರಂತ."

"ಕೆಮ್ಮಿ ಸಾಯ್ತಿ."

"ಸಾಯ್ತೀನಿ."

ಸಮಾಧಾನ ಗೋಡೆಗೆ ಒರಗಿ ಕೂತಿದ್ದ. ಕೇಳಿಸಿಕೊಂಡನೋ ಇಲ್ಲವೋ ತಿಳಿಯಲಿಲ್ಲ.

ಹೊತ್ತು ಮುಳುಗುವಾಗ ಯಾಕೂಬರು ಬಂದರು. ಕುಡಚಿಗೆ ಹೋಗುವ ರೈಲು ಹತ್ತದೆ ಇಲ್ಲಿಗೆ ನಡೆದು ಬಂದಿದ್ದರು. ಹೊಸ್ತಿಲಾಚೆಯೇ ನಿಂತರು. ಮುಂಗೈ ರೋಮದ ಮೇಲೆ ಬಿಳಿ ಬಣ್ಣದ ಹನಿಗಳಿದ್ದವು. ಜೇಬಿನಿಂದ ನೋಟು ತೆಗೆದು ಶುಭಾಂಗಿಯ ಕಡೆ ಚಾಚಿದರು.

"ಅರ್ಧಾ ತಗೋ ಬೇಟಿ."

"ಒಯ್ರಿ ಚಾಚಾ. ಚಾಚಿಗೆ ಇಂಜೆಕ್ಷನ್ ತಗೊಂಡ ಹೋಗ್ರಿ."

"ನಾ ಏರಲಿಲ್ಲಂದ್ರ ಬ್ಯಾರೆಯವನನ್ನ ಕರಸ್ತಿದ್ರ…"

"ಗೊತ್ತೈತಿ. ಹೋಗ್ರಿ."

ಅವರು ಹೋಗಲಿಲ್ಲ. ಆಗ ಒಳಗಿನಿಂದ ಸಮಾಧಾನ ಕರೆದ. ದನಿ ಅವತ್ತು ಸ್ವಚ್ಛವಾಗಿತ್ತು.

"ಉಸ್ತಾದ, ಏನ ಹಚ್ಚಿದ್ರಿ?"

ಯಾಕೂಬರಿಗೆ ತಕ್ಷಣ ತಿಳಿಯಲಿಲ್ಲ. ಆಮೇಲೆ ತಿಳಿಯಿತು. ತಲೆ ತಗ್ಗಿಸಿದರು.

"ಬಿಳಿ ಪ್ರೈಮರ್."

"ಎಷ್ಟ ಕೋಟ?"

"ಎರಡ."

ಸಮಾಧಾನ ತಲೆ ಅಲ್ಲಾಡಿಸಿದ. "ಎರಡ ಸಾಲಂಗಿಲ್ಲ. ಹುಬ್ಬಿಗಿ, ಕಣ್ಣಿಗಿ ಕರೇದ ಹಚ್ಯಾಳಾಕಿ. ಒಣಗಿದ ಮ್ಯಾಲೆ ಕೆಳಗಿಂದ ಎದ್ದ ಬರ್ತೈತಿ. ನಾಳೆ ಇನ್ನೊಂದ ಹೊಡೀರಿ."

ಶುಭಾಂಗಿ ಒಲೆಯ ಮುಂದಿನಿಂದ ಎದ್ದಳು. ಬೆಳಗ್ಗೆ ಬಾಪುಸಾಹೇಬನ ಮೇಲೆ ಬಂದಿದ್ದಕ್ಕಿಂತ ದೊಡ್ಡ ಸಿಟ್ಟು ಈಗ ಗಂಡನ ಮೇಲೆ ಬಂತು. ಅವನ ಭುಜ ಹಿಡಿದು ಅಲುಗಾಡಿಸಿದಳು.

"ನಿಮ್ಮ ಮಾರಿರೀ ಅದು! ನಾ ಅದಕ್ಕ ಕೆಲಸಾ ಬಿಟ್ಟ ಬಂದೀನಿ. ತಿಳೀತೈತೇನ ನಿಮಗ? ನಿಮ್ಮ ಮಾರಿ!"

"ತಿಳೀತೈತಿ," ಅಂದ ಸಮಾಧಾನ. ಅವಳ ಕೈ ಹಿಡಿಯಲು ನೋಡಿದ. ಬೆರಳುಗಳು ಅವಳ ಮಣಿಕಟ್ಟಿನ ಮೇಲೆ ನಡುಗಿ ಜಾರಿದವು. "ಅದಕ್ಕಽ ಹೇಳಾಕತ್ತೀನಿ. ಅರ್ಧಾಮರ್ಧಾ ಕಾಣಬಾರದ. ಎಲ್ಲಾ ಹೋಗಲಿ."

ಯಾಕೂಬರು ಬಾಗಿಲಲ್ಲಿ ನಿಂತು ಬಾಯಿಗೆ ಟವೆಲ್ ಒತ್ತಿಕೊಂಡಿದ್ದರು.

"ಹೊಡೀತೀನಪ್ಪಾ," ಎಂದರು.

ಮರುದಿನ ನಸುಕಿನಲ್ಲಿ ಶುಭಾಂಗಿ ನಿಪ್ಪಾಣಿಯ ದಾರಿ ಹಿಡಿದಳು. ಅದೇ ಬೆಳಿಗ್ಗೆ ಯಾಕೂಬರು ಪರಾಂಚಿ ಹತ್ತಿ ಮೂರನೇ ಕೋಟು ಹೊಡೆದರು.